ಒಂದರಿಂದ ಒಂದೂವರೆ

ನಾನೂರ ಹನ್ನೆರಡು ಜನರ ಹೊತ್ತು ಸುಕನ್ಯಳ ಕೈಯಲ್ಲಿತ್ತು. ಹುಣಸೂರಿನ ಹೊರವಲಯದ ಒಂದು ಗಾರ್ಮೆಂಟ್ಸ್‌ನಲ್ಲಿ, ಗೇಟಿನೊಳಗೆ ಕಾಲಿಟ್ಟ ಕೂಡಲೇ ಎಡಕ್ಕೆ ಸಿಗುವ ಸಣ್ಣ ಕೋಣೆ ಅವಳದು. ಟೈಮ್ ಆಫೀಸ್ ಎಂದು ಬೋರ್ಡು. ಒಳಗೆ ಒಂದು ಮೇಜು, ಒಂದು ಕಂಪ್ಯೂಟರು, ಯಾವಾಗಲೂ ಕಿರುಗುಟ್ಟುವ ಒಂದು ಫ್ಯಾನು. ಯಾರು ಎಷ್ಟೊತ್ತಿಗೆ ಬಂದರು, ಎಷ್ಟೊತ್ತಿಗೆ ಹೋದರು, ಯಾರಿಗೆ ರಜೆ, ಯಾರಿಗೆ ಓಟಿ, ಎಲ್ಲ ಅಲ್ಲೇ ತೀರ್ಮಾನ. ಎರಡು ನಿಮಿಷ ತಡವಾಗಿ ಬಂದು ಹಲ್ಲು ಗಿಂಜುವವರಿಗೆ ಸುಕನ್ಯ ಮುಖ ಕೊಡುತ್ತಿರಲಿಲ್ಲ. ಹಾಗಂತ ಕೆಟ್ಟವಳೇನಲ್ಲ. ಲೆಕ್ಕ ತಪ್ಪಿದರೆ ಅವಳಿಗೆ ರಾತ್ರಿ ನಿದ್ದೆ ಬರುತ್ತಿರಲಿಲ್ಲ, ಅಷ್ಟೆ.

ಊರು ಕಟ್ಟೆಮಳಲವಾಡಿ. ಪಿಯುಸಿ ಮುಗಿಯುತ್ತಲೇ ಮದುವೆ, ಮಗಳು ಸಂಘಮಿತ್ರ ಹುಟ್ಟಿ ಒಂಬತ್ತು ತಿಂಗಳಿಗೆ ಈ ಕಾರ್ಖಾನೆಯಲ್ಲಿ ಹೆಲ್ಪರ್ ಕೆಲಸ. ಹೊಲಿದ ಬಟ್ಟೆಯಲ್ಲಿ ಉಳಿದ ದಾರ ಕತ್ತರಿಸುತ್ತ ಎರಡು ವರ್ಷ ಕಳೆದಳು. ಆಗ ಟೈಮ್ ಆಫೀಸಿನಲ್ಲಿದ್ದ ಮುದ್ದಯ್ಯನವರು ಒಂದು ದಿನ ಅವಳ ಕೈಬರಹ ನೋಡಿ, "ಏನಮ್ಮ, ಮುತ್ತು ಪೋಣಿಸ್ದಂಗೆ ಬರೀತೀಯಲ್ಲ, ನಮ್ ಕಡೀಕೆ ಬಾ" ಎಂದು ಕರೆದುಕೊಂಡರು. ಸಂಜೆ ಹುಣಸೂರಿನಲ್ಲಿ ಕಂಪ್ಯೂಟರ್ ಕ್ಲಾಸಿಗೆ ಸೇರಿಸಿದವರೂ ಅವರೇ. ಮುದ್ದಯ್ಯನವರಿಗೆ ಯಾರ ಮನೆಯಲ್ಲಿ ಸೂತಕ, ಯಾರ ಗಂಡ ಕುಡಿಯುತ್ತಾನೆ, ಯಾರ ಊರಿನ ಬಸ್ಸು ಕೈಕೊಡುತ್ತದೆ ಎಲ್ಲ ಗೊತ್ತಿತ್ತು. ಆದರೆ ಗೊತ್ತಿದ್ದದ್ದರಲ್ಲಿ ಅರ್ಧವನ್ನು ಅವರು ಬರೆದಿಡಲೇ ಇಲ್ಲ. ಎರಡು ವರ್ಷದ ಹಿಂದೆ ನಿವೃತ್ತಿಯಾಗಿ ಕೆ.ಆರ್. ನಗರದ ಮಗಳ ಮನೆಗೆ ಹೋಗುವಾಗ ಅದನ್ನೆಲ್ಲ ತಲೆಯಲ್ಲೇ ಹೊತ್ತುಕೊಂಡು ಹೋದರು.

ಅವರ ಕುರ್ಚಿಯಲ್ಲಿ ಈಗ ಸುಕನ್ಯ. ಬರುವ ಜನವರಿಗೆ ಅವಳನ್ನು ಟೈಮ್ ಆಫೀಸಿನ ಇನ್‌ಚಾರ್ಜ್ ಮಾಡುತ್ತಾರೆಂದು ಮಾತಾಗಿತ್ತು. ದಾರ ಕತ್ತರಿಸಲು ಬಂದ ಹುಡುಗಿಗೆ ಅದೇನು ಸಣ್ಣ ಮಾತೇ!

ಈಗ ಆ ಊಟದ ಹೊತ್ತಿನ ವಿಷಯಕ್ಕೆ ಬರೋಣ. ಕಾರ್ಖಾನೆ ಬೆಳಿಗ್ಗೆ ಎಂಟೂವರೆಯಿಂದ ಸಂಜೆ ಐದರವರೆಗೆ. ನಡುವೆ ಒಂದರಿಂದ ಒಂದೂವರೆ ಊಟ. ಆ ಅರ್ಧ ಗಂಟೆಗೆ ಸಂಬಳವಿಲ್ಲ. ಹೀಗಾಗಿ ಊಟಕ್ಕೆ ಹೋಗುವಾಗ ಒಮ್ಮೆ, ಬಂದಾಗ ಒಮ್ಮೆ ಎಲ್ಲರೂ ಹಾಜರಿ ಮೆಷಿನ್ನಿಗೆ ಬೆರಳು ಒತ್ತಬೇಕಿತ್ತು. ನಾನೂರು ಜನ, ಮೂರು ಮೆಷಿನ್ನು. ಅದರ ಮೇಲೆ ಆಷಾಢ ಕಳೆಯುತ್ತಲೇ ಈ ಸೀಮೆಯಲ್ಲಿ ಹೊಗೆಸೊಪ್ಪಿನ ಕಾಲ. ಬೆಳಗಿನ ಜಾವ ಎದ್ದು ಮನೆಯ ಹೊಲದಲ್ಲಿ ಸೊಪ್ಪು ಮುರಿದು, ಕಡ್ಡಿಗೆ ಕಟ್ಟಿಕೊಟ್ಟು, ಆಮೇಲೆ ಬಸ್ಸು ಹತ್ತಿ ಬರುವ ಹೆಂಗಸರೇ ಹೆಚ್ಚು. ಸೊಪ್ಪಿನ ಜಿಗುಟು ಬೆರಳಿಗೆ ಕಪ್ಪಗೆ ಅಂಟಿಕೊಂಡರೆ ಸೋಪಿಗೂ ಬಗ್ಗುವುದಿಲ್ಲ, ಸೀಮೆಎಣ್ಣೆಗೂ ಬಗ್ಗುವುದಿಲ್ಲ. ಮೆಷಿನ್ನು ಆ ಬೆರಳನ್ನು ಗುರುತು ಹಿಡಿಯದೆ ಕುಂಯ್ ಎಂದು ಅಳುತ್ತಿತ್ತು. ಒತ್ತು, ಒರೆಸು, ಮತ್ತೆ ಒತ್ತು. ಹಿಂದೆ ನಿಂತವರು "ಏ, ಬೇಗ ನೋಡಮ್ಮಿ, ಅನ್ನ ಅಳಸೋಯ್ತದೆ" ಎಂದು ರೇಗುವರು. ಅರ್ಧ ಗಂಟೆಯಲ್ಲಿ ಹತ್ತು ನಿಮಿಷ ಸಾಲಿನಲ್ಲೇ ಹೋಗುತ್ತಿತ್ತು.

ಸುಕನ್ಯಳೇ ಒಂದು ದಿನ ಎಚ್‌ಆರ್ ಮೂರ್ತಿಯವರ ಮುಂದೆ ನಿಂತು, "ಸರ್, ಊಟಕ್ಕೆ ಎರಡು ಸಲ ಬೆರಳು ಒತ್ತಿಸೋದು ಯಾಕೆ? ಹೆಂಗಿದ್ರೂ ಎಲ್ರೂ ಒಂದೇ ಹೊತ್ತಿಗೆ ಊಟ ಮಾಡೋದು. ಅರ್ಧ ಗಂಟೆ ತಾನಾಗೇ ಕಳೆಯೋ ಹಂಗೆ ಸಾಫ್ಟ್‌ವೇರಲ್ಲಿ ಹಾಕ್ಬಹುದು" ಎಂದಳು. ಮೂರ್ತಿಯವರು ಲೆಕ್ಕಾಚಾರದ ಮನುಷ್ಯ, ಕೆಡುಕಿನವರಲ್ಲ. ಕನ್ನಡಕ ಮೇಲೇರಿಸಿ, "ಮಾಡು ಮತ್ತೆ" ಎಂದರು. ಆಗಸ್ಟ್ ಒಂದರಂದು ಸುಕನ್ಯ ಕಂಪ್ಯೂಟರಿನ ಮುಂದೆ ಕೂತು, ಸಾಫ್ಟ್‌ವೇರ್ ಕಂಪನಿಯ ಹುಡುಗ ಫೋನಿನಲ್ಲಿ ಹೇಳಿದಂತೆ ಒಂದೊಂದೇ ಒತ್ತುತ್ತ ಹೋದಳು. ಊಟದ ವಿರಾಮ, ಮೂವತ್ತು ನಿಮಿಷ, ಸಂಬಳರಹಿತ, ತಾನಾಗಿಯೇ ಕಡಿತ. ಕೊನೆಗೆ ಯಾರು ಯಾರಿಗೆ ಎಂದು ಕೇಳಿತು. "ಎಲ್ಲರಿಗೂ ಅಂತ ಟಿಕ್ ಹಾಕಿ ಮೇಡಂ" ಎಂದಿತು ಫೋನು. ಹಾಕಿದಳು.

ಆವತ್ತು ಒಂದು ಗಂಟೆಗೆ ಬೆಲ್ ಹೊಡೆದಾಗ ಹೆಂಗಸರೆಲ್ಲ ಮೆಷಿನ್ನಿನ ಕಡೆ ತಿರುಗಿಯೂ ನೋಡದೆ ಸೀದಾ ಕ್ಯಾಂಟೀನಿಗೆ ನಡೆದರು. ಮೂರ್ತಿಯವರು ಮೈಕಿನಲ್ಲಿ ಸುಕನ್ಯಳ ಹೆಸರು ಹೇಳಿ, "ಇದು ಇವಳದೇ ಐಡಿಯಾ" ಎಂದಾಗ ಚಪ್ಪಾಳೆ ಬಿತ್ತು. ಅವಳು ಮನೆಗೆ ಹೋಗಿ ಗಂಡನಿಗೂ ಮಗಳಿಗೂ ಎರಡೆರಡು ಸಲ ಹೇಳಿದಳು. ನಾನೂರ ಹನ್ನೊಂದು ಜನರಿಗೆ ಅದು ನಿಜಕ್ಕೂ ಒಳ್ಳೆಯದೇ ಆಗಿತ್ತು.

ಉಳಿದ ಒಬ್ಬಳು ಚಿಕ್ಕಸಿದ್ದಮ್ಮ. ಕಾರ್ಖಾನೆಯ ಹಿಂಬದಿಯ ಮಕ್ಕಳ ಕೋಣೆಯಲ್ಲಿ ಆಯಾ. ಹನಗೋಡಿನ ಪಕ್ಕದ ಹಳ್ಳಿ, ಐವತ್ತು ದಾಟಿದ ವಯಸ್ಸು, ಒಂದು ಸೀಮೆಹಸು ಬಿಟ್ಟರೆ ಮನೆಯಲ್ಲಿ ಇನ್ನೊಂದು ಜೀವವಿಲ್ಲ. ಟೈಲರ್‌ಗಳ ಮಕ್ಕಳು, ಆರು ತಿಂಗಳಿಂದ ಮೂರು ವರ್ಷದವರೆಗಿನ ಹದಿನಾಲ್ಕು ಮಕ್ಕಳು ಅವಳ ಸುಪರ್ದಿಗೆ. ಅವಳ ಹೊತ್ತು ಎಂಟೂವರೆಯಿಂದ ನಾಲ್ಕೂವರೆ. ಕೊನೆಯ ಅರ್ಧ ಗಂಟೆ ಕಸ ಗುಡಿಸುವ ಹೆಂಗಸು ಬಂದು ಮಕ್ಕಳನ್ನು ನೋಡಿಕೊಳ್ಳುತ್ತಿದ್ದಳು, ಚಿಕ್ಕಸಿದ್ದಮ್ಮ ನಾಲ್ಕು ಐವತ್ತರ ಬಸ್ಸು ಹಿಡಿಯುತ್ತಿದ್ದಳು. ಆ ಬಸ್ಸು ತಪ್ಪಿದರೆ ಹಾಲು ಕರೆದು ಡೇರಿಗೆ ಹಾಕುವ ಹೊತ್ತು ತಪ್ಪುತ್ತದೆ. ಊಟಕ್ಕೆಂದು ಬೆರಳು ಒತ್ತುವುದೂ ಅವಳಿಗಿರಲಿಲ್ಲ. ಇದು ಮುದ್ದಯ್ಯನವರು ಮಾಡಿಕೊಟ್ಟ ಏರ್ಪಾಡು. ಯಾಕೆ ಹಾಗೆ ಎಂದು ಯಾವ ಪುಸ್ತಕದಲ್ಲೂ ಬರೆದಿರಲಿಲ್ಲ. ಬಹುಶಃ ವಯಸ್ಸಾದವಳು, ದೂರದ ಊರು, ಅದಕ್ಕೇ ಇರಬೇಕೆಂದು ಸುಕನ್ಯ ಅಂದುಕೊಂಡಿದ್ದಳು.

ಅಕ್ಟೋಬರ್ ಒಂಬತ್ತರಂದು, ಆ ತಿಂಗಳ ಸಂಬಳವಾದ ಎರಡನೇ ದಿನ, ಎರಡನೇ ಲೈನಿನ ಸೌಂದರ್ಯ ಟೈಮ್ ಆಫೀಸಿನ ಬಾಗಿಲಿಗೆ ಬಂದು ನಿಂತಳು. ಕಂಪಲಾಪುರದ ಹುಡುಗಿ, ಎಂಟು ತಿಂಗಳ ಅವಳಿ ಹೆಣ್ಣುಮಕ್ಕಳ ತಾಯಿ, ಬಾಯಿ ಜೋರು.

"ಸುಕನ್ಯಕ್ಕ, ಆಯಮ್ಮ ಒಂದ್ನೇ ತಾರೀಕ್ನಿಂದ ಕೆಲಸಕ್ಕೆ ಬರಲ್ವಂತೆ. ಗೊತ್ತಾ ನಿಂಗೆ?"

"ಯಾಕಂತೆ?"

"ಯಾಕೆ ಅಂತ ನನ್ ಕೇಳ್ತೀಯಾ? ಎರಡು ತಿಂಗ್ಳಿಂದ ಸಂಬಳ ಕಟ್ ಆಯ್ತಾ ಐತೆ, ಹಾಜರಿ ಬೋನಸ್ಸೂ ಇಲ್ಲ, ಆಯಮ್ಮನ ಚೀಟಿ ನಾನೇ ನೋಡ್ದೆ. ಒಂದ್ ದಿನ ರಜೆ ಆಕಿಲ್ಲ ಆಯಮ್ಮ! ಕೇಳುದ್ರೆ, ವಯಸ್ಸಾಯ್ತು, ಬುಡ್ತೀನಿ ಅಂತೈತೆ. ನನ್ ಮಕ್ಳು ಬ್ಯಾರೆ ಯಾರತ್ರಾನೂ ಇರಾಕಿಲ್ಲ ಅಕ್ಕ. ಆಯಮ್ಮ ಓದ್ರೆ ನಾನೂ ಓಯ್ತೀನಿ. ನಾನೊಬ್ಳೇ ಅಲ್ಲ, ಅಲ್ಲಿ ಮಕ್ಳು ಬುಟ್ಟಿರೋ ಹನ್ನೊಂದು ಜನಾನೂ ಓಯ್ತೀವಿ."

ಸುಕನ್ಯ ಕಂಪ್ಯೂಟರ್ ತಿರುಗಿಸಿ ಚಿಕ್ಕಸಿದ್ದಮ್ಮನ ಹೆಸರು ತೆಗೆದಳು. ಪರದೆಯ ತುಂಬ ಕೆಂಪು. ಎಂಟು ಗಂಟೆ ಇದ್ದ ದಿನದಲ್ಲಿ ಅರ್ಧ ಗಂಟೆ ಕಳೆದರೆ ಏಳೂವರೆ. ದಿನಾ ಅರ್ಧ ಗಂಟೆ ಕೊರತೆ. ಕೊರತೆ ನಾಲ್ಕು ಗಂಟೆಯಾದಾಗಲೆಲ್ಲ ಅರ್ಧ ದಿನದ ರಜೆ ಎಂದು ಯಂತ್ರ ಬರೆದುಕೊಂಡಿತ್ತು. ತಿಂಗಳಿಗೆ ಮೂರು ಅರ್ಧ ದಿನ, ರಜೆ ಬಿತ್ತೆಂದು ಬೋನಸ್ಸೂ ಇಲ್ಲ. ಉಳಿದವರೆಲ್ಲ ಐದರವರೆಗೆ ಇರುವವರು, ಅವರಿಗೆ ಅರ್ಧ ಗಂಟೆ ಕಳೆದರೂ ಎಂಟು ತುಂಬುತ್ತಿತ್ತು. ತುಂಬದವಳು ಇವಳೊಬ್ಬಳೇ. ಸುಕನ್ಯ ಕೆಂಪು ಸಾಲುಗಳನ್ನು ಮೇಲಿನಿಂದ ಕೆಳಗೆ ಇನ್ನೊಮ್ಮೆ ಎಣಿಸಿದಳು. ಲೆಕ್ಕ ತಪ್ಪುವುದಿಲ್ಲ ಎಂದು ಬೀಗುತ್ತಿದ್ದವಳು!

ಮೂರ್ತಿಯವರು ಕೇಳಿ, "ಇಷ್ಟೇನಾ? ಅದಕ್ಕೊಂದು ಫಾರಂ ಇದೆಯಲ್ಲಮ್ಮ. ಊಟದ ವಿರಾಮ ತಗೊಂಡಿಲ್ಲ ಅಂತ ನೌಕರರು ದಿನಾ ಬರೆದು ಸೈನ್ ಹಾಕಿದ್ರೆ ಆ ದಿನದ ಕಡಿತ ವಾಪಸ್. ಹಿಂದಿನ ದಿನಗಳಿಗೂ ಒಟ್ಟಿಗೆ ಹೆಬ್ಬೆಟ್ಟು ಒತ್ತಿಸ್ಕೊ" ಎಂದರು. ಸುಕನ್ಯಳಿಗೆ ಹೋದ ಜೀವ ಬಂದಂತಾಯಿತು. ಐವತ್ತೆಂಟು ಹಾಳೆ ಪ್ರಿಂಟ್ ತೆಗೆದು, ಸ್ಟಾಂಪ್ ಪ್ಯಾಡ್ ಹಿಡಿದು ಮಕ್ಕಳ ಕೋಣೆಗೆ ಓಡಿದಳು.

ಚಿಕ್ಕಸಿದ್ದಮ್ಮ ಒಂದು ಮಗುವನ್ನು ಕಾಲ ಮೇಲೆ ಮಲಗಿಸಿಕೊಂಡು ತಟ್ಟುತ್ತಿದ್ದಳು. ಸುಕನ್ಯ ತಗ್ಗಿದ ದನಿಯಲ್ಲಿ ಎಲ್ಲ ವಿವರಿಸಿದಳು. ಕಡಿತ ಯಾಕಾಯಿತು, ಹೇಗೆ ವಾಪಸ್ಸು ಬರುತ್ತದೆ, ಇದರಲ್ಲಿ ಏನು ಬರೆದಿದೆ.

"ಏನಂತ ಬರ್ದೈತೆ, ಇನ್ನೊಂದ್ ಸಲ ಏಳು."

"ಈ ದಿನ ನಾನು ಊಟ ಮಾಡೋಕೆ ಹೋಗಿಲ್ಲ, ಊಟ ಆಗಿಲ್ಲ ಅಂತ. ಅಷ್ಟೇ ಅಕ್ಕ. ಇಲ್ಲಿ ಒತ್ತಿ."

ಚಿಕ್ಕಸಿದ್ದಮ್ಮ ಕೈ ಹಿಂದಕ್ಕೆ ತೆಗೆದುಕೊಂಡಳು. "ಉಂಡಿವ್ನಲ್ಲವ್ವ."

"ಎಲ್ಲಿ ಉಂಡ್ರಿ? ಕ್ಯಾಂಟೀನ್ ಕಡೆ ಒಂದು ದಿನಾನೂ ಬಂದಿಲ್ಲ ನೀವು."

"ಇಲ್ಲೇ ಉಂಡಿವ್ನಿ. ಈ ಮಕ್ಳ ತಾಯ್ದಿರು ಅವರವರ ಡಬ್ಬಿನಾಗೆ ಒಂದೊಂದ್ ತುತ್ತು ನಂಗೆ ಉಣ್ಸಿಲ್ವಾ? ದಿನಾಲೂ ಹನ್ನೊಂದು ಮನೆ ಅನ್ನ ಉಂಡಿವ್ನಿ ಕಣವ್ವ. ಉಂಡು, ಉಂಡಿಲ್ಲ ಅಂತ ಎಬ್ಬೆಟ್ಟು ಒತ್ಲಾ? ನಾಳೀಕೆ ಆ ಹೆಣ್ಮಕ್ಳು ಕೈಲಿ ತುತ್ತು ಹಿಡ್ಕಂಡ್ ಬಂದ್ರೆ ಯಾವ ಬಾಯ್ನಾಗೆ ಇಸ್ಕಳ್ಳಿ?"

"ಅಯ್ಯೋ ಅಕ್ಕ, ಇದು ಬರೀ ಕಾಗದ!"

"ಕಾಗದಾನೇ. ಅನ್ನದ್ ಇಸ್ಯ ತಾನೇ ಬರ್ದಿರೋದು ಅದ್ರಾಗೆ? ನಂಗೆ ಬ್ಯಾಡ. ಓಯ್ತದಾ, ಓಗ್ಲಿ."

ಸುಕನ್ಯಳಿಗೆ ತಲೆ ಕೆಟ್ಟುಹೋಯಿತು. ಅನಾಯಾಸವಾಗಿ ಬಗೆಹರಿಯುವುದನ್ನು ಈ ಮುದುಕಿ ಹಟಕ್ಕೆ ಬಿದ್ದು ಕೆಡಿಸುತ್ತಿದ್ದಾಳಲ್ಲ ಎಂದು ಕೋಪ ಬಂತು. ನಿಮ್ಮಿಷ್ಟ ಎಂದು ಹಾಳೆಗಳನ್ನು ಮಡಚಿಕೊಂಡು ಬಂದಳು. ಬಂದು ಕೂತರೆ ಕೂರಲಾಗಲಿಲ್ಲ. ಯಂತ್ರ ವಿರಾಮ ಎನ್ನುತ್ತದೆ, ಆಯಾ ಉಂಡಿದ್ದೇನೆ ಎನ್ನುತ್ತಾಳೆ. ಇಬ್ಬರೂ ಒಂದೇ ಮಾತು ಹೇಳಿದರೆ ಟೈಮ್ ಆಫೀಸಿನವಳು ಏನು ತಾನೇ ಮಾಡಬೇಕು? ಕಣ್ಣಾರೆ ನೋಡಿಯೇಬಿಡೋಣ ಎಂದು ಮಾರನೆಯ ದಿನ ಒಂದಕ್ಕೆ ಎರಡು ನಿಮಿಷ ಮುಂಚೆ ತನ್ನ ಊಟದ ಡಬ್ಬಿ ಹಿಡಿದು ಮಕ್ಕಳ ಕೋಣೆಗೆ ಹೋಗಿ ಗೋಡೆಗೆ ಒರಗಿ ಕೂತಳು.

ಬೆಲ್ ಹೊಡೆಯಿತು. ಅಲ್ಲಿಯವರೆಗೆ ಸುಮ್ಮನಿದ್ದ ಕೋಣೆ ಒಂದೇ ಸಲ ಎದ್ದು ಕೂತಿತು. ಬೆಲ್ಲಿನ ಸದ್ದಿಗೆ ಅಮ್ಮ ಬರುತ್ತಾಳೆ ಎಂದು ಆ ಮಕ್ಕಳಿಗೆಲ್ಲ ಗೊತ್ತು. ಜೋಲಿಯಲ್ಲಿ ಮಲಗಿದ್ದವೂ ಎದ್ದು ಬಾಯಿ ತೆರೆದವು. ತಾಯಂದಿರು ಓಡಿಬಂದರು, ಕೂತರು, ಒಂದು ಕೈಯಲ್ಲಿ ಮಗುವಿಗೆ ಹಾಲು, ಇನ್ನೊಂದು ಕೈಯಲ್ಲಿ ಡಬ್ಬಿ. ಮುದ್ದೆ, ಉಪ್ಸಾರು, ಚಿತ್ರಾನ್ನ, ಎಲ್ಲ ವಾಸನೆ ಒಟ್ಟಿಗೆ. ಸೌಂದರ್ಯ ಒಂದು ಕೂಸಿಗೆ ಹಾಲು ಕೊಡುತ್ತಿದ್ದರೆ ಇನ್ನೊಂದು ಕೂಸು ಚಿಕ್ಕಸಿದ್ದಮ್ಮನ ಸೊಂಟದ ಮೇಲೆ ಆಕಾಶ ಬೀಳುವಂತೆ ಅಳುತ್ತಿತ್ತು. ಚಿಕ್ಕಸಿದ್ದಮ್ಮನ ಇನ್ನೊಂದು ಸೊಂಟದಲ್ಲಿ, ಇನ್ನೂ ಬಂದು ಸೇರದ ತಾಯಿಯೊಬ್ಬಳ ಗಂಡುಮಗು. ಕಾಲಿಗೆ ಮೂರನೆಯದು ಜೋತುಬಿದ್ದಿತ್ತು. "ಇದನ್ನ ಹಿಡ್ಕೊ ವಸಿ" ಎಂದು ಸುಕನ್ಯಳ ಮಡಿಲಿಗೂ ಒಂದು ಬಂತು. ಬಂದದ್ದೇ ಅವಳ ಸೀರೆ ಒದ್ದೆ ಮಾಡಿತು.

ಆಗ ಸೌಂದರ್ಯ ಒಂದು ತುತ್ತು ಮುದ್ದೆ ಮುರಿದು, ಸಾರಿನಲ್ಲಿ ಅದ್ದಿ, "ಆಯಮ್ಮ, ಬಾಯ್ ತೆಗಿ" ಎಂದಳು. ಎರಡೂ ಕೈ ತುಂಬಿದ್ದ ಚಿಕ್ಕಸಿದ್ದಮ್ಮ ಬಗ್ಗಿ ಬಾಯಿ ತೆರೆದಳು. ನುಂಗುತ್ತಲೇ ಅತ್ತ ಹೋಗಿ, ಸೊಂಟದ್ದೊಂದನ್ನು ಇಳಿಸಿ, ಬಿದ್ದ ಮಗುವನ್ನು ಎತ್ತಿದಳು. ಅಲ್ಲಿ ಇನ್ನೊಬ್ಬಳು ಚಿತ್ರಾನ್ನ ತುರುಕಿದಳು. ಹೀಗೇ ಒಬ್ಬೊಬ್ಬರ ಹತ್ತಿರ ಬಗ್ಗುತ್ತ, ನುಂಗುತ್ತ, ಮೂತಿ ಒರೆಸುತ್ತ, ಹೇಲು ಬಳಿಯುತ್ತ, ಕೈ ತೊಳೆದು ಮತ್ತೆ ಮಗು ಎತ್ತುತ್ತ ಅರ್ಧ ಗಂಟೆ. ಹೊತ್ತು ನೋಡುವುದೇ ಸುಕನ್ಯಳ ಕೆಲಸವಲ್ಲವೇ, ಗೋಡೆಯ ಗಡಿಯಾರ ನೋಡುತ್ತಲೇ ಇದ್ದಳು. ಒಂದರಿಂದ ಒಂದೂವರೆಯವರೆಗೆ ಚಿಕ್ಕಸಿದ್ದಮ್ಮ ಒಮ್ಮೆಯೂ ನೆಲಕ್ಕೆ ಕೂರಲಿಲ್ಲ. ಒಂಬತ್ತು ತುತ್ತು ತಿಂದಳು. ತನ್ನದೆಂದು ಒಂದು ಡಬ್ಬಿ ಅವಳು ತರುತ್ತಲೇ ಇರಲಿಲ್ಲ, ತಂದರೂ ಬಿಚ್ಚಲು ಕೈ ಎಲ್ಲಿತ್ತು?

ಸುಕನ್ಯಳಿಗೆ ತನ್ನ ಆ ದಿನಗಳು ನೆನಪಾದವು. ಸಂಘಮಿತ್ರಳಿಗೆ ಹಾಲು ಕೊಡುತ್ತ ತಾನೂ ಹೀಗೇ ಎರಡು ವರ್ಷ ಈ ಬಾಯಿಗೆ ತುತ್ತಿಟ್ಟಿದ್ದಳು. ಪ್ರೀತಿಗೆ ಕೊಡುವ ತುತ್ತು, ಆಯಮ್ಮನ ಊಟ ಬೇರೆ ಇರುತ್ತದೆ ಎಂದುಕೊಂಡಿದ್ದಳು. ಅದೇ ಊಟವಾಗಿತ್ತು! ನಾಲ್ಕೂವರೆಗೆ ಕಳಿಸುವ ಏರ್ಪಾಡನ್ನು ಮುದ್ದಯ್ಯನವರು ಯಾಕೆ ಮಾಡಿದ್ದರೆಂಬುದು ಈಗ ಸೂರ್ಯನಷ್ಟು ನಿಚ್ಚಳವಾಯಿತು. ಕಾರ್ಖಾನೆಯೆಲ್ಲ ಕೂತು ಉಣ್ಣುವ ಹೊತ್ತೇ ಇವಳಿಗೆ ದಿನದಲ್ಲಿ ಅತ್ಯಂತ ಗೇಯುವ ಹೊತ್ತು, ಅದಕ್ಕೇ ಸಂಜೆ ಅರ್ಧ ಗಂಟೆ ಮೊದಲೇ ಬಿಡುಗಡೆ. ಆ ಹೊತ್ತಿನ ಮೇಲೇ ತಾನು ವಿರಾಮ ಎಂದು ಟಿಕ್ ಹಾಕಿದ್ದಳು. ಅವಳಿಗೆ ನಾಚಿಕೆಯಾಯಿತು, ತನ್ನ ಡಬ್ಬಿ ಬಿಚ್ಚದೆಯೇ ಎದ್ದಳು.

ಸೀದಾ ಮೂರ್ತಿಯವರ ಕೋಣೆಗೆ ಹೋದಳು. "ಸರ್, ಆಯಮ್ಮನಿಗೆ ಊಟದ ಕಡಿತ ಪೂರ್ತಿ ತೆಗೀಬೇಕು. ಆ ಅರ್ಧ ಗಂಟೆ ಅವರು ಕೆಲಸ ಮಾಡ್ತಾರೆ. ನಾನೇ ನೋಡ್ಕಂಡ್ ಬಂದೆ."

ಮೂರ್ತಿಯವರು ಪೆನ್ನು ಕೆಳಗಿಟ್ಟರು. "ತೆಗೆದರೆ ಏನಾಗುತ್ತೆ ಗೊತ್ತಾ? ಐದು ಗಂಟೆ ಕೆಲಸ ಮಾಡಿದವರಿಗೆ ಅರ್ಧ ಗಂಟೆ ವಿರಾಮ ಕೊಡಲೇಬೇಕು ಅಂತ ಕಾನೂನು. ವಿರಾಮವೇ ಇಲ್ಲ ಅಂತ ತೋರಿಸಿದ್ರೆ ಮುಂದಿನ ತಿಂಗಳು ಆಡಿಟ್‌ನವರು ನನ್ನ ಕುತ್ತಿಗೆ ಹಿಡೀತಾರೆ."

"ಹಂಗಾದ್ರೆ ನಿಜವಾಗಲೂ ಕೊಡಿ ಸರ್. ಒಂದೂವರೆಯಿಂದ ಎರಡು. ಹಾಲು ಕುಡಿದು ಮಕ್ಕಳೆಲ್ಲ ಮಲಗೋ ಹೊತ್ತು. ಸಂಬಳ ಸೇರಿಸಿನೇ ಕೊಡಿ, ಇಷ್ಟು ವರ್ಷ ಪೂರ್ತಿ ಎಂಟು ಗಂಟೆಗೆ ಸಂಬಳ ಅಂತಲೇ ತಾನೇ ಮುದ್ದಯ್ಯನವರು ನಡೆಸಿದ್ದು."

"ಆ ಹೊತ್ತಲ್ಲಿ ಮಕ್ಕಳನ್ನ ಯಾರು ನೋಡ್ತಾರೆ?"

"ಕಸ ಗುಡಿಸೋರಿಗೆ ಆಗ ಕೆಲಸ ಕಮ್ಮಿ, ಅವರು ನೋಡ್ಲಿ. ಅವರು ಬರದ ದಿನ ನಾನು ಕೂರ್ತೀನಿ." ಒಂದು ಉಸಿರು ಬಿಟ್ಟು ಸೇರಿಸಿದಳು, "ಆಡಿಟ್‌ನವರು ಮಕ್ಕಳ ಕೋಣೆನೂ ನೋಡ್ತಾರೆ ಸರ್. ಆಯಾನೇ ಇಲ್ಲ ಅಂದ್ರೆ ಏನ್ ಹೇಳ್ತೀರಿ? ಆಯಮ್ಮ ಹೋದ್ರೆ ಹನ್ನೊಂದು ಟೈಲರ್‌ಗಳು ಹಿಂದೇನೇ ಹೋಗ್ತಾರೆ."

ಮೂರ್ತಿಯವರು ಚಾವಣಿ ನೋಡಿದರು, ಗಡಿಯಾರ ನೋಡಿದರು, ಕೊನೆಗೆ ಸುಕನ್ಯಳನ್ನು ನೋಡಿದರು. "ಆಯ್ತು. ಒಂದೂವರೆಯಿಂದ ಎರಡು, ಸಂಬಳಸಹಿತ. ಹಿಂದಿನ ಐವತ್ತೆಂಟು ದಿನವೂ ತಿದ್ದಿಬಿಡು. ಕಂಪ್ಯೂಟರ್ ಕಾರಣದ ಪಟ್ಟಿ ಕೊಡುತ್ತಲ್ಲ, ಅದರಲ್ಲಿ 'ನೌಕರರು ಬೆರಳು ಒತ್ತಲು ಮರೆತರು' ಅಂತ ಹಾಕು."

"ಅವರು ಮರೆತಿಲ್ಲ ಸರ್."

"ಗೊತ್ತಮ್ಮ. ಅದನ್ನ ಹಾಕಿದ್ರೆ ಇಲ್ಲೇ ಮುಗಿಯುತ್ತೆ. 'ಟೈಮ್ ಆಫೀಸ್ ತಪ್ಪು' ಅಂತ ಹಾಕಿದ್ರೆ ಬೆಂಗಳೂರಿನ ಹೆಡ್ ಆಫೀಸಿಗೆ ಹೋಗುತ್ತೆ. ಐವತ್ತೆಂಟು ಸಲ! ಜನವರಿ ಹತ್ತಿರ ಇದೆ, ನಿನ್ನ ಒಳ್ಳೇದಕ್ಕೇ ಹೇಳ್ತಿದ್ದೀನಿ."

ಮೂರ್ತಿಯವರು ಹೇಳಿದ್ದು ನಿಜಕ್ಕೂ ಅವಳ ಒಳ್ಳೆಯದಕ್ಕೇ. ಸುಕನ್ಯ ತನ್ನ ಕೋಣೆಗೆ ಬಂದು ಚಿಕ್ಕಸಿದ್ದಮ್ಮನ ಪುಟ ತೆರೆದಳು. ತಿಂಗಳಿಗೆ ಮೂರು ಸಲ ಮರೆತರೆ ಎಚ್ಚರಿಕೆ ಪತ್ರ ಹೋಗುತ್ತದೆಂಬುದು ಅವಳಿಗೆ ಗೊತ್ತಿತ್ತು. ಪತ್ರವನ್ನು ಮೂರ್ತಿಯವರು ತಡೆಯಬಹುದು. ಆದರೆ ಒಂದು ದಿನವೂ ತಪ್ಪದೆ ಬಂದವಳ ಹೆಸರಿನ ಮುಂದೆ ಐವತ್ತೆಂಟು ಸಲ ಮರೆತಳು ಎಂದು ನಿಲ್ಲುತ್ತದೆ. ಉಂಡ ಒಂಬತ್ತು ತುತ್ತಿಗೆ ಸುಳ್ಳು ಹೇಳಲು ಒಪ್ಪದವಳ ಹೆಸರಿನಲ್ಲಿ ತಾನು ಅಷ್ಟು ಸುಳ್ಳು ಬರೆಯುವುದೇ? ಥೂ, ಆಗದ ಮಾತು. ಇನ್‌ಚಾರ್ಜ್ ಎಂಬ ಬೋರ್ಡು, ಹೆಚ್ಚಾಗುವ ಸಂಬಳ, ಮಗಳ ಶಾಲೆಯ ಫೀಸು ಎಲ್ಲ ಒಂದು ಸಲ ಕಣ್ಣ ಮುಂದೆ ಬಂದು ಹೋದವು. ಅವಳು ಆಗಸ್ಟ್ ಒಂದರಿಂದ ಶುರು ಮಾಡಿದಳು. ಟೈಮ್ ಆಫೀಸ್ ತಪ್ಪು, ಸುಕನ್ಯ. ಆಗಸ್ಟ್ ಎರಡು. ಟೈಮ್ ಆಫೀಸ್ ತಪ್ಪು, ಸುಕನ್ಯ. ಐದು ಗಂಟೆಗೆ ಮುಗಿಯಿತು.

ವಾರದೊಳಗೆ ಹೆಡ್ ಆಫೀಸಿನಿಂದ ಮೆಮೊ ಬಂತು. ನಿರ್ಲಕ್ಷ್ಯಕ್ಕೆ ವಿವರಣೆ ಕೊಡಬೇಕು, ಬಡ್ತಿಯ ವಿಷಯ ಒಂದು ವರ್ಷ ಮುಂದಕ್ಕೆ. ಮೂರ್ತಿಯವರು ಅದನ್ನು ಕೈಗೆ ಕೊಡುವಾಗ ಮುಖ ನೋಡಲಿಲ್ಲ. ಗಂಡ ಮಹೇಶ್‌ಕುಮಾರ್ ಮನೆಯಲ್ಲಿ, "ನಿಂಗ್ಯಾಕೆ ಬೇಕಿತ್ತು ಇಲ್ಲದ ಉಸಾಬರಿ?" ಎಂದ. ಆಮೇಲೆ ಅವನೇ, "ಓಗ್ಲಿ ಬುಡು, ವರ್ಷ ಎಷ್ಟೊತ್ತು" ಎಂದ. ಸುಕನ್ಯ ಆವತ್ತು ಚೆನ್ನಾಗಿ ಅತ್ತಳು.

ಹೊಸ ವಿರಾಮದ ಮೊದಲ ದಿನ ಕಸ ಗುಡಿಸುವ ಹೆಂಗಸು ಬಂದಿರಲಿಲ್ಲ. ಒಂದೂವರೆಗೆ ಸುಕನ್ಯಳೇ ಹೋದಳು. ತಾಯಂದಿರು ಹೊರಟುಹೋಗಿದ್ದರು, ಮಕ್ಕಳು ಒಂದೊಂದಾಗಿ ಕಣ್ಣು ಮುಚ್ಚುತ್ತಿದ್ದವು. ಚಿಕ್ಕಸಿದ್ದಮ್ಮ ನಿಂತೇ ಇದ್ದಳು.

"ಅಕ್ಕ, ಕಡಿತ ಆಗಿದ್ದೆಲ್ಲ ಈ ತಿಂಗಳ ಸಂಬಳದ ಜೊತೆ ಬರುತ್ತೆ. ಇನ್ಮೇಲೆ ಈ ಅರ್ಧ ಗಂಟೆ ನಿಮ್ದು. ಬಸ್ಸಿನ ಹೊತ್ತೂ ಅದೇ. ಒಂದನೇ ತಾರೀಕು ಬಿಡ್ತೀನಿ ಅನ್ನೋದು ಬಿಟ್ಬಿಡಿ." ಆಮೇಲೆ ಕೇಳಿದಳು, "ಎರಡು ತಿಂಗಳು ಸುಮ್ನೆ ಇದ್ರಲ್ಲ, ನನ್ನ ಹತ್ರ ಬಂದು ಒಂದು ಮಾತು ಕೇಳೋದಲ್ವಾ? ಟೈಮ್ ಆಫೀಸ್ ಏನು ದೂರ ಇತ್ತಾ?"

ಚಿಕ್ಕಸಿದ್ದಮ್ಮ ಒಂದು ಮಗುವಿನ ಜಾರಿದ ಹೊದಿಕೆ ಸರಿಮಾಡಿದಳು. "ನಿಂಗೇನೋ ಕಾಗದ ಬಂತಂತೆ? ಸೌಂದರ್ಯ ಅಂತಿದ್ಲು. ದಿಟವಾ?"

"ಬಂತು. ಏನಾಗಲ್ಲ ಬಿಡಿ. ಬಡ್ತಿ ಒಂದು ವರ್ಷ ತಡ ಆಗುತ್ತೆ, ಅಷ್ಟೇ."

ಚಿಕ್ಕಸಿದ್ದಮ್ಮನ ಮುಖ ಕೆಂಪಗಾಯಿತು. ಹದಿನಾಲ್ಕು ಮಕ್ಕಳು ಮಲಗಿದ್ದ ಕೋಣೆ ಎಂಬುದನ್ನೂ ಮರೆತು ದನಿ ಏರಿಸಿದಳು. "ಅದುಕ್ಕೇ ಕಣೇ ನಾನು ಬಾಯ್ ಬುಡ್ದೆ ಇದ್ದಿದ್ದು! ಮೈಕ್ನಾಗೆ ನಿನ್ ಹೆಸ್ರು ಏಳಿ ಎಲ್ರೂ ಚಪ್ಪಾಳೆ ತಟ್ಟುದ್ರಲ್ಲ, ಆವತ್ತೇ ಗೊತ್ತಾಯ್ತು ಇದು ನಿನ್ ಕೈಲಾಗಿರೋದು ಅಂತ. ಸಂಬ್ಳ ಕಟ್ಟಾದಾಗ್ಲೂ ಗೊತ್ತಿತ್ತು. ನಾನ್ ಬಾಯ್ ಬುಟ್ರೆ ನಿನ್ ತಪ್ಪು ಅಂತ ಆಯ್ತದೆ, ನಿನ್ ಕೆಲ್ಸಕ್ಕೆ ಸಂಚಕಾರ ಬತ್ತದೆ. ಅದ್ಕೆ ವಯಸ್ಸಾಯ್ತು ಬುಡ್ತೀನಿ ಅಂತ ಸೌಂದರ್ಯಂಗೆ ಏಳ್ದೆ. ಕೂಸು ನೋಡೋ ಕೆಲ್ಸ ಎಲ್ಲಾದ್ರೂ ಸಿಕ್ತದೆ ನಂಗೆ. ನಿನ್ ಕುರ್ಚಿ ಇನ್ನೊಂದ್ ಸಿಕ್ತದಾ? ಎಲ್ಲಾ ಕೆಡಿಸ್ಕಂಡ್ಯಲ್ಲೇ!"

ಮೂಲೆಯಲ್ಲಿ ಮಗುವೊಂದು ಬೆಚ್ಚಿ ಅಳಲು ಶುರು ಮಾಡಿತು. ಚಿಕ್ಕಸಿದ್ದಮ್ಮ ಅಭ್ಯಾಸದಂತೆ ಆ ಕಡೆ ಹೊರಟಳು. ಸುಕನ್ಯ ಅವಳ ತೋಳು ಹಿಡಿದು ನಿಲ್ಲಿಸಿ, ತಾನೇ ಹೋಗಿ ಮಗುವನ್ನು ಎತ್ತಿ ಹೆಗಲಿಗೆ ಹಾಕಿಕೊಂಡಳು. ಸೆರಗಿನಿಂದ ಕಣ್ಣೊರೆಸಿಕೊಂಡು ಗಡಿಯಾರ ನೋಡಿದಳು.

"ಕೂತ್ಕೊಳ್ಳಿ ಅಕ್ಕ" ಎಂದಳು. "ಇನ್ನೂ ಇಪ್ಪತ್ತೆರಡು ನಿಮಿಷ ಇದೆ."

ಚಿಕ್ಕಸಿದ್ದಮ್ಮ ಇನ್ನೂ ಗೊಣಗುತ್ತಲೇ ಗೋಡೆಗೆ ಬೆನ್ನು ಕೊಟ್ಟು, ಕಾಲು ಚಾಚಿ, ನೆಲದ ಮೇಲೆ ಕೂತಳು.